ಸತ್ತವರ ಮುಖ ಬರೆಯುವವನ ವೆಬ್‌ಸೈಟು

ಬಸವಕಲ್ಯಾಣದ ಕಿಲ್ಲಾ ಕಡೆಯ ರಸ್ತೆಯಲ್ಲಿ ನಿಂತು ಮಚ್ಚೇಂದ್ರನ ಅಂಗಡಿ ಎಲ್ಲಿ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಿದ್ದರು. ಸತ್ತವರ ಫೋಟೋ ಮಾಡುವವನ ಅಂಗಡಿ ಎಂದರೆ ಮಾತ್ರ ಯಾರಾದರೂ ಬಾಗಿಲ ತನಕ ತಂದು ಬಿಡುತ್ತಿದ್ದರು. ವಯಸ್ಸಿಗೆ ಬಂದಾಗಿನಿಂದ ಆತ ಮಾಡಿದ್ದು ಅದೊಂದೇ ಕೆಲಸ. ಮನೆಯಲ್ಲಿ ಹಿರಿಯರು ತೀರಿಕೊಂಡರೆ ದಿನಕರ್ಮ ಮುಗಿಯುವುದರೊಳಗೆ ಅವರ ಫೋಟೋ ಗೋಡೆಗೇರಬೇಕು. ಆದರೆ ಮನೆಯವರ ಕೈಯಲ್ಲಿ ಇರುತ್ತಿದ್ದುದು ರೇಷನ್ ಕಾರ್ಡಿನ ಮಸುಕು ಚಿತ್ರ, ಇಲ್ಲವೇ ಯಾರದೋ ಮದುವೆಯ ಗುಂಪಿನಲ್ಲಿ ಹಿಂದಿನ ಸಾಲಿನ ಅರ್ಧ ಮುಖ. ಅಷ್ಟನ್ನೇ ನೋಡಿ ಮಚ್ಚೇಂದ್ರ ಹಾರ್ಡ್‌ಬೋರ್ಡಿನ ಮೇಲೆ ಎಣ್ಣೆಬಣ್ಣದಲ್ಲಿ ಇಡೀ ಮನುಷ್ಯನನ್ನು ಎಬ್ಬಿಸಿ ಕೂರಿಸುತ್ತಿದ್ದ. ಜನರ ಬಾಯಲ್ಲಿ ಅದು ಚಿತ್ರವಲ್ಲ, ಫೋಟೋನೇ.

ಅವನದೇ ಒಂದು ರೀತಿಯಿತ್ತು. ಬದುಕಿದ್ದಾಗ ಅಂಗಿಯ ಗುಂಡಿ ಹಾಕಿಕೊಳ್ಳದ ಮನುಷ್ಯನಿಗೂ ಕರಿ ಕೋಟು, ಹೆಗಲಿಗೆ ಶಾಲು, ಹಣೆಗೆ ವಿಭೂತಿ. ಗಂಡನಿಗಿಂತ ಮೊದಲು ಹೋದ ಹೆಂಗಸಿಗೆ ಹಸಿರು ಸೀರೆ, ಅಗಲ ಕುಂಕುಮ. ಮೆಳ್ಳೆಗಣ್ಣು ಅವನ ಕೈಯಲ್ಲಿ ನೆಟ್ಟಗಾಗುತ್ತಿತ್ತು, ಸಿಡುಬಿನ ಕಲೆ ಮಾಯವಾಗುತ್ತಿತ್ತು. ಜೀವಮಾನವೆಲ್ಲ ಬೈದಾಡಿಕೊಂಡೇ ಕಳೆದ ಮುದುಕನ ಬಾಯಿ ಶಾಂತವಾಗಿ ಮುಚ್ಚಿಕೊಳ್ಳುತ್ತಿತ್ತು. ಮನೆಯವರು ನೋಡಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಥೇಟ್ ಅವರೇ ಎನ್ನುತ್ತಿದ್ದರು. ಇದ್ದ ಹಾಗೆ ಬರೆದಿದ್ದರೆ ಹಾಗೆನ್ನುತ್ತಿದ್ದರೋ ಇಲ್ಲವೋ, ಬೇರೆ ಮಾತು.

ರಾಜೇಶ್ವರದಿಂದ ದುಬಲಗುಂಡಿಯ ತನಕ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಅವನ ಕೈಕೆಲಸ ತೂಗಾಡುತ್ತಿತ್ತು. ಒಂದರಲ್ಲಿಯೂ ಅವನ ಹೆಸರಿರಲಿಲ್ಲ. ಇದು ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಕಟ್ಟು ಹಾಕುವ ಅಂಗಡಿಯವನ ಚೀಟಿ ಪ್ರತಿ ಫೋಟೋದ ಬೆನ್ನಿಗೂ ಅಂಟಿರುತ್ತಿತ್ತು. ನಾಲ್ಕು ಮೊಳೆ ಹೊಡೆದವನಿಗೆ ಹೆಸರಿದೆ, ಮುಖ ಬರೆದವನಿಗೆ ಇಲ್ಲ. ಒಮ್ಮೆ ಧೈರ್ಯ ಮಾಡಿ ರಾಜೇಶ್ವರದ ಕಾಳಿನ ವ್ಯಾಪಾರಿ ಬಸವಣಪ್ಪನ ತಂದೆಯ ಫೋಟೋದ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಸಣ್ಣದಾಗಿ ‘ಮಚ್ಚೇಂದ್ರ’ ಎಂದು ಬರೆದಿದ್ದ. ಬಸವಣಪ್ಪ ಕನ್ನಡಕ ಏರಿಸಿ, ಬಗ್ಗಿ, ಓದಿಯೇ ಓದಿದ.

"ಅಪ್ಪಾರ ಫೋಟೋದಾಗ ನಿನ್ನ ಹೆಸರ ಯಾಕಪಾ? ದಿನಾ ನಾವು ಹೂವ ಏರಿಸಿ ಕೈ ಮುಗಿತೀವಿ. ಆ ಪೂಜಾ ಯಾರಿಗಿ ಆದಂಗಾತು?"

ಅವನ ಎದುರಿಗೇ ಮಚ್ಚೇಂದ್ರ ಬ್ರಶ್ಶಿನ ತುದಿಗೆ ಹಿನ್ನೆಲೆಯ ನೀಲಿ ಬಣ್ಣ ತೆಗೆದುಕೊಂಡು ತನ್ನ ಹೆಸರನ್ನು ತಾನೇ ಮುಚ್ಚಿದ. ಬಸವಣಪ್ಪ ಕೆಟ್ಟವನಲ್ಲ, ಚಹಾ ಕುಡಿಸಿಯೇ ಕಳಿಸಿದ.

ಎರಡು ಸಾವಿರದ ಐದನೇ ಇಸವಿಯ ಸುಮಾರಿಗೆ, ಹೈದರಾಬಾದಿನಲ್ಲಿ ಕಂಪ್ಯೂಟರ್ ಕೆಲಸ ಕಲಿತು ಬಂದ ಯುನೂಸ್ ಎಂಬಾತ ಹುಮನಾಬಾದ್ ಬಸ್ ನಿಲ್ದಾಣದ ಹತ್ತಿರ ಸೈಬರ್ ಕೆಫೆ ತೆರೆದ. ಅದರ ಬೋರ್ಡು ಬರೆಯಲು ಹೋದ ಮಚ್ಚೇಂದ್ರನಿಗೆ ಅವನೇ ಈ ಹುಚ್ಚು ಹಚ್ಚಿದ್ದು. ಉಸ್ತಾದ್, ಬೋರ್ಡಿನ ಕೂಲಿ ಕೇಳಬೇಡಿ, ಬದಲಿಗೆ ನಿಮಗೊಂದು ವೆಬ್‌ಸೈಟು ಮಾಡಿಕೊಡುತ್ತೇನೆ, ಪುಣೆಯವರು ದುಬೈಯವರು ತಮ್ಮ ಹಿರಿಯರ ಸಣ್ಣ ಫೋಟೋ ಕಳಿಸುತ್ತಾರೆ, ನೀವು ದೊಡ್ಡದು ಬರೆದು ಕಳಿಸಿ ಎಂದ. ಮಚ್ಚೇಂದ್ರ ಅದನ್ನೆಲ್ಲ ಅರ್ಧ ಕಿವಿಯಲ್ಲಿ ಕೇಳಿದ. ಸೈಟಿಗೆ ಹೆಸರು ಏನಿರುತ್ತದೆ ಎಂದು ಮಾತ್ರ ಕೇಳಿದ. ನಿಮ್ಮದೇ ಹೆಸರು, ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ ಎಂದು ಯುನೂಸ್ ಹೇಳಿದ್ದೇ ತಡ, ಮಚ್ಚೇಂದ್ರ ಒಪ್ಪಿಬಿಟ್ಟ.

ಹೆಂಡತಿ ಭುವನೇಶ್ವರಿ ಮೂಗು ಮುರಿದಳು. ಆಕೆ ದಿನವಿಡೀ ಅಡುಗೆಮನೆಯಿಂದ ಅಂಗಡಿಗೆ ಕೇಳುವಂತೆ ಮಾತಾಡುವ ಹೆಂಗಸು. ಬಯ್ಯುತ್ತಲೇ ರೊಟ್ಟಿ ಬಡಿಯುತ್ತಾಳೆ, ಬಯ್ಯುತ್ತಲೇ ನಗುತ್ತಾಳೆ. ಊರಲ್ಲಿರುವವರಿಗೇ ಹೆಸರು ಗೊತ್ತಿಲ್ಲ, ದುಬೈಯವರಿಗೆ ಗೊತ್ತಾಗಿ ಏನಾಗಬೇಕು ಎಂದಳು. ಗೊತ್ತಿಲ್ಲವೆಂದೇ ತಾನೇ ಈ ಪಾಡು ಎಂದುಕೊಂಡ ಮಚ್ಚೇಂದ್ರ.

ಯುನೂಸ್ ಮಾದರಿ ಕೇಳಿದ. ಇಲ್ಲಿಂದ ಶುರುವಾಯಿತು ತಲೆನೋವು. ಮಚ್ಚೇಂದ್ರನ ಮನೆಯಲ್ಲಿ ಅವನು ಬರೆದದ್ದು ಒಂದೂ ಇರಲಿಲ್ಲ, ಎಲ್ಲವೂ ಪರರ ಗೋಡೆಯ ಮೇಲೆ. ಹೊಸದಾಗಿ ಯಾರನ್ನಾದರೂ ಕೂರಿಸಿಕೊಂಡು ಬರೆಯಿರಿ ಎಂದರೆ ಯಾರು ಕೂರುತ್ತಾರೆ? ಸತ್ತವರ ಫೋಟೋ ಮಾಡುವವನ ಮುಂದೆ ಬದುಕಿರುವಾಗ ಕುಳಿತರೆ ಆಯುಷ್ಯ ಕಡಿಮೆಯಾಗುತ್ತದೆ ಎಂಬುದು ಊರಿನ ನಂಬಿಕೆ. ಅವನು ಸುಮ್ಮನೆ ದಿಟ್ಟಿಸಿ ನೋಡಿದರೂ ಪಕ್ಕದ ಅಂಗಡಿಯವರು ಮುಖ ತಿರುಗಿಸುತ್ತಿದ್ದರು. ಭುವನೇಶ್ವರಿಯನ್ನು ಕೇಳಿದರೆ, ನನ್ನನ್ನು ಕಳಿಸಲು ಅಷ್ಟು ಅವಸರವೇ ಎಂದಳು. ಕಿಲ್ಲಾದ ಚಿತ್ರ ಬರೆಯಬಹುದಿತ್ತು, ಆದರೆ ಕಲ್ಲು ಬರೆಯುವುದು ಅವನ ವಿದ್ಯೆಯಲ್ಲ. ಅವನ ವಿದ್ಯೆ ಮುಖ.

ಕೊನೆಗೆ ಯುನೂಸನ ಡಿಜಿಟಲ್ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಮನೆಮನೆ ತಿರುಗಿದ, ಬಸವಣಪ್ಪನ ಮನೆಯನ್ನೂ ಬಿಡಲಿಲ್ಲ. ಯಾರೂ ಇಲ್ಲ ಎನ್ನಲಿಲ್ಲ, ಅಂದಿದ್ದರೇ ಚೆನ್ನಾಗಿತ್ತು. ಇಡೀ ಜಗತ್ತು ನೋಡುತ್ತದೆ ಎಂದು ಗೊತ್ತಾದ ಕೂಡಲೇ ಮನೆಯವರಿಗೆಲ್ಲ ಹುರುಪು. ಫೋಟೋ ಇಳಿಸಿ, ಒರೆಸಿ, ಗಾಜಿನ ಮೇಲೆ ಹೊಸದಾಗಿ ವಿಭೂತಿ ಬಳಿದು, ಗುಲಾಬಿ ಹಾರ ಹಾಕಿ, ಎರಡೂ ಕಡೆ ಊದುಬತ್ತಿ ಹಚ್ಚಿದರು. ಮಚ್ಚೇಂದ್ರ ಬರೆದ ಶಾಲಿನ ಮಡಿಕೆ, ಅವನು ಜೀವ ತೇದು ಬರೆದ ಕೋಟಿನ ಗುಂಡಿ, ಎಲ್ಲ ಹಾರದ ಹಿಂದೆ ಹೋದವು. ಹಾರ ತೆಗೆಯಿರಿ ಎಂದರೆ ಹಿರಿಯರನ್ನು ಬರಿಗೊರಳಲ್ಲಿ ತೋರಿಸುವುದೇ ಎಂದರು. ಗಾಜು ಬಿಚ್ಚೋಣ ಎಂದರೆ ಪೂಜೆಯಾದ ಕಟ್ಟು ಬಿಚ್ಚಬಾರದು ಎಂದರು. ಗಾಜಿನ ಮೇಲೆ ಫ್ಲ್ಯಾಶ್ ಬಿದ್ದು ಒಬ್ಬರ ಮೂಗೇ ಬಿಳಿಯಾಯಿತು. ದುಬಲಗುಂಡಿಯ ರುಕ್ಮಿಣಿಬಾಯಿ ಎಂಬ ಮುದುಕಿಯಂತೂ ಗಂಡನ ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು, ಸೊಸೆ ಮೊಮ್ಮಕ್ಕಳನ್ನೆಲ್ಲ ಸುತ್ತ ನಿಲ್ಲಿಸಿ, ಈಗ ಹೊಡಿ ಎಂದಳು. ಹಲ್ಲು ಕಚ್ಚಿಕೊಂಡು ಹೊಡೆದ.

ಬಸ್ಸಿನಲ್ಲಿ ವಾಪಸು ಬರುವಾಗ ಅವನಿಗೆ ಕಿಟಕಿಗೆ ತಲೆ ಚಚ್ಚಿಕೊಳ್ಳಬೇಕು ಎನ್ನಿಸುತ್ತಿತ್ತು. ನೋಡಲು ಹೋದರೆ ಇಷ್ಟೊಂದು ಮರ್ಯಾದೆ ಯಾವ ಕಲಾವಿದನ ಕೆಲಸಕ್ಕೂ ಸಿಗುವುದಿಲ್ಲ; ದಿನಾ ಹೂವು, ದಿನಾ ದೀಪ. ಮರ್ಯಾದೆಯೆಲ್ಲ ಆ ಮುಖಕ್ಕೆ. ಅದನ್ನು ಯಾರೋ ಒಬ್ಬ ಕೂತು ಬರೆದಿದ್ದಾನೆ ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ.

ಹೇಗೋ ಸೈಟು ತಯಾರಾಯಿತು. ಕರೆಂಟು ಇದ್ದ ದಿನ ನೆಟ್ ಇಲ್ಲ, ನೆಟ್ ಇದ್ದ ದಿನ ಕರೆಂಟಿಲ್ಲ. ಎರಡೂ ಇದ್ದ ಒಂದು ಮಧ್ಯಾಹ್ನ ಪರದೆಯ ನೆತ್ತಿಯಲ್ಲಿ ‘ಮಚ್ಚೇಂದ್ರ’ ಎಂಬ ಹೆಸರು ಕೆಂಪಾಗಿ ಮೂಡಿತು. ಇಂಗ್ಲಿಷಿನಲ್ಲಿತ್ತು, ಆದರೂ ತನ್ನ ಹೆಸರಿನಷ್ಟು ಇಂಗ್ಲಿಷು ಅವನಿಗೆ ಬರುತ್ತಿತ್ತು. ಅದನ್ನೇ ನೋಡುತ್ತ ಕೂತ. ಕೆಳಗೇನಿದೆ ಎಂದು ನೋಡಲೇ ಇಲ್ಲ. ಅಲ್ಲೇ ಅವನು ಕೆಟ್ಟ.

ಸುದ್ದಿ ರಾಜೇಶ್ವರ ಮುಟ್ಟಿತು. ಮುಂದಿನ ಅಮಾವಾಸ್ಯೆಗೆ ಬಸವಣಪ್ಪ ತಂದೆಯನ್ನು ನೋಡಲು ಮನೆಮಂದಿಯನ್ನೆಲ್ಲ ಜೀಪಿನಲ್ಲಿ ತುಂಬಿಕೊಂಡು ಹುಮನಾಬಾದಿಗೆ ಬಂದ. ಕೆಫೆಯ ಬಾಗಿಲಲ್ಲಿ ಎಲ್ಲರೂ ಚಪ್ಪಲಿ ಬಿಟ್ಟರು. ಬಸವಣಪ್ಪ ಕಂಪ್ಯೂಟರಿನ ನೆತ್ತಿಗೆ ಒಂದು ಸೇವಂತಿಗೆ ಇಟ್ಟು ಕೈ ಮುಗಿದು ನಿಂತ. ಮಚ್ಚೇಂದ್ರನೂ ಇದ್ದ, ಇವತ್ತಾದರೂ ಇವನು ನನ್ನ ಹೆಸರು ನೋಡಲಿ ಎಂದೇ ಬಂದಿದ್ದ. ಚಿತ್ರ ಮೇಲಿನಿಂದ ಕೆಳಕ್ಕೆ ಎಳೆ ಎಳೆಯಾಗಿ ಇಳಿಯತೊಡಗಿತು. ಮೊದಲು ರುಮಾಲು, ಆಮೇಲೆ ವಿಭೂತಿ, ಆಮೇಲೆ ಕಣ್ಣು. ಕಣ್ಣು ಬಂದಾಗ ಬಸವಣಪ್ಪ ಮತ್ತೊಮ್ಮೆ ತಲೆ ಬಾಗಿಸಿದ. ಹಾರ ಬಂತು. ಹಾರದ ಕೆಳಗೆ ಹಳದಿ ಪಟ್ಟಿಯೊಂದು ಬಂತು.

ಸೊಲ್ಲಾಪುರದ ಕಾಲೇಜಿನಲ್ಲಿ ಓದಿದ ಸೊಸೆ ಸ್ನೇಹಲ್ ಮುಂದೆ ಬಗ್ಗಿ ನೋಡಿ, ಸಂಕೋಚದಿಂದಲೇ ಹೇಳಿದಳು.

"ಮಾವಾರ, ಇಲ್ಲಿ ‘ಕೊಂಡುಕೊಳ್ರಿ’ ಅಂತ ಬರದದರಿ. ಅದರ ಕೆಳಗ ‘ಒಂದೇ ಪೀಸ ಉಳದದ, ಲಗೂ ಮಾಡ್ರಿ’ ಅಂತ ಅದ."

ಯುನೂಸ್ ಯಾವುದೋ ಬಟ್ಟೆ ಅಂಗಡಿಗೆಂದು ಮಾಡಿದ್ದ ಪುಟವನ್ನೇ ತೆಗೆದುಕೊಂಡು, ಸೀರೆಗಳಿದ್ದ ಕಡೆ ಹಿರಿಯರನ್ನು ಕೂರಿಸಿದ್ದ. ಪ್ರತಿಯೊಬ್ಬರ ಕೆಳಗೂ ಕೊಂಡುಕೊಳ್ಳುವ ಗುಂಡಿ. ಚಿತ್ರ ಮಾರುವುದಕ್ಕೆ ತಾನೇ ಸೈಟು ಎಂದು ಅವನ ಲೆಕ್ಕ. ಅದು ತಪ್ಪೆಂದು ಹೇಳಬೇಕಾದವನು ತನ್ನ ಹೆಸರು ನೋಡುತ್ತ ಮೈಮರೆತಿದ್ದ.

ಬಸವಣಪ್ಪ ಕೂಗಾಡಲಿಲ್ಲ. ಸೇವಂತಿಗೆಯನ್ನು ಮೆಲ್ಲಗೆ ತೆಗೆದು ಜೇಬಿಗೆ ಹಾಕಿಕೊಂಡ.

"ಅವತ್ತ ಹೆಸರ ಬರದಿದ್ದಿ, ಅಳಸು ಅಂದೆ. ಅದರ ಸಿಟ್ಟ ಇಟಗೊಂಡು ನಮ್ಮಪ್ಪಗ ಬಜಾರಕ್ಕ ಹಚ್ಚಿದೇನ?"

ಸಾವಕಾರರೇ, ಹಾಗಲ್ಲ ಎಂದು ಮಚ್ಚೇಂದ್ರ ಶುರು ಮಾಡಿದ. ಕೇಳಲು ಯಾರೂ ಇರಲಿಲ್ಲ, ಎಲ್ಲರೂ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ಯುನೂಸ್ ಅವತ್ತೇ ಗುಂಡಿಗಳನ್ನು ಕಿತ್ತುಹಾಕಿದ, ಆದರೆ ಮಾತು ಆಗಲೇ ಜೀಪು ಹತ್ತಿ ಹೋಗಿತ್ತು. ವಾರ ಕಳೆಯುವುದರೊಳಗೆ ಮನೆಗೊಬ್ಬರಂತೆ ಬರತೊಡಗಿದರು. ನಮ್ಮವ್ವನನ್ನು ತೆಗಿ, ನಮ್ಮ ಕಾಕಾನನ್ನು ತೆಗಿ. ಗುಂಡಿ ಹೋಗಿದೆ ಎಂದು ತೋರಿಸಿದರೆ, ನಮ್ಮವರನ್ನು ಅವರ ಮನೆಯವರ ಕೆಳಗೆ ಯಾಕೆ ಇಟ್ಟೆ ಎಂದು ಇನ್ನೊಂದು ತಕರಾರು. ಒಬ್ಬೊಬ್ಬರನ್ನೇ ತೆಗೆದದ್ದಾಯಿತು. ರುಕ್ಮಿಣಿಬಾಯಿಯ ಕಡೆಯಿಂದಲೂ ಹೇಳಿಕೆ ಬಂತು.

ಕೊನೆಗೆ ಪರದೆಯ ಮೇಲೆ ಉಳಿದದ್ದು ಹೆಸರೊಂದೇ. ಕೆಂಪು ಅಕ್ಷರದ ಮಚ್ಚೇಂದ್ರ, ಅದರ ಕೆಳಗೆ ಬಟಾಬಯಲು. ಇಷ್ಟು ವರ್ಷ ಹೆಸರಿಲ್ಲದ ಮುಖ ಬರೆದವನಿಗೆ ಈಗ ಮುಖವಿಲ್ಲದ ಹೆಸರು ಸಿಕ್ಕಿತ್ತು. ಯುನೂಸನಿಗೂ ಪಾಪ ಎನ್ನಿಸಿತು. ಒಂದೇ ಒಂದು ಕೊಡಿ ಉಸ್ತಾದ್, ಯಾರ ಅಪ್ಪಣೆಯೂ ಬೇಡದ್ದು, ನಿಮ್ಮದೇ ಆದದ್ದು ಎಂದ.

ಮಚ್ಚೇಂದ್ರ ಮನೆಗೆ ಬಂದು ಯಾರ ಮೇಲೋ ಇದ್ದ ಸಿಟ್ಟನ್ನು ಬಣ್ಣದ ಡಬ್ಬಿಗಳ ಮೇಲೆ ತೀರಿಸಿಕೊಂಡ. ಎರಡು ದಿನ ಊಟ ಬೇಡವೆಂದ. ಮೂರನೆಯ ದಿನ ಭುವನೇಶ್ವರಿ ಹಿಟ್ಟಿನ ಕೈ ತೊಳೆದುಕೊಂಡು ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು. ಆಯುಷ್ಯ ಹೋದರೆ ಹೋಗಲಿ, ಈ ಮೋರೆ ನೋಡಿಕೊಂಡು ಬದುಕುವುದಕ್ಕಿಂತ ಅದೇ ವಾಸಿ ಎಂದಳು. ಹಾಗೆಂದರೂ ಕೂರುವ ಮೊದಲು ತಾಳಿಯನ್ನು ಕಣ್ಣಿಗೊತ್ತಿಕೊಂಡದ್ದನ್ನು ಅವನು ನೋಡಿದ.

ಬದುಕಿದ ಮುಖ ಎಷ್ಟು ಕಷ್ಟವೆಂದು ಅವನಿಗೆ ಅವತ್ತು ತಿಳಿಯಿತು. ರೇಷನ್ ಕಾರ್ಡಿನ ಮುಖ ಅಲುಗಾಡುವುದಿಲ್ಲ. ಈಕೆ ರೆಪ್ಪೆ ಬಡಿಯುತ್ತಾಳೆ, ಬೀದಿಯಲ್ಲಿ ಹೋಗುವವರನ್ನು ಮಾತಾಡಿಸುತ್ತಾಳೆ, ಒಲೆಯ ಮೇಲಿಟ್ಟ ಬೇಳೆಯ ಚಿಂತೆ ಮಾಡುತ್ತಾಳೆ. ಅಲುಗಬೇಡ ಎಂದು ಗದರಿದ. ಬಾಯಿ ಮುಚ್ಚು ಎಂದ. ಮುಚ್ಚಿದಳು. ಆಗ ಅವನ ಕೈ ಸರಾಗವಾಗಿ ಓಡಿತು. ದಿನವೂ ಅಷ್ಟಷ್ಟು ಕೂರಿಸಿಕೊಂಡು ಮುಗಿಸಿದ. ಮೂಲೆಯಲ್ಲಿ ಹೆಸರು ಬರೆದ. ಈ ಸಲ ಅಕ್ಕಿಕಾಳಿನಷ್ಟಲ್ಲ, ಅವರೆಕಾಳಿನಷ್ಟು. ಆಮೇಲೆ ಬೋರ್ಡನ್ನು ಅವಳ ಕಡೆ ತಿರುಗಿಸಿದ.

ಭುವನೇಶ್ವರಿ ಸ್ಟೂಲಿನಿಂದ ಎದ್ದು ಹತ್ತಿರ ಬಂದು ಬಗ್ಗಿ ನೋಡಿದಳು.

"ಇಕಿ ಯಾರ್ರೀ?" ಎಂದಳು. "ನಾ ಹೋದ ಮ್ಯಾಲ ಮಾಡೋದನ್ನ ಈಗೇ ಮಾಡಿಟ್ಟೀರಿ."

ಅವನು ನೋಡಿದ. ಹಸಿರು ಸೀರೆ. ಅಗಲ ಕುಂಕುಮ. ಅವಳು ಕೂತದ್ದು ಮಾಸಿದ ಕಂದು ಸೀರೆಯಲ್ಲಿ. ಗಲ್ಲದ ಮೇಲಿನ ನರಹುಲಿ ಇಲ್ಲ, ಎಡ ಹುಬ್ಬಿನ ಸುಟ್ಟ ಗಾಯ ಇಲ್ಲ. ಶಾಂತವಾಗಿ ಮುಚ್ಚಿದ ಆ ಬಾಯಿ ರಾಜೇಶ್ವರದಲ್ಲಿತ್ತು, ದುಬಲಗುಂಡಿಯಲ್ಲಿತ್ತು, ಎಲ್ಲ ಗೋಡೆಗಳ ಮೇಲೂ ಇತ್ತು. ಅವನ ಕೈಗೆ ಬರುತ್ತಿದ್ದುದು ಒಂದೇ ಮುಖ. ಇಷ್ಟು ದಿನ ಅವನು ಊರಿನ ಮೇಲೆ, ಬಸವಣಪ್ಪನ ಮೇಲೆ, ಕಟ್ಟು ಹಾಕುವವನ ಚೀಟಿಯ ಮೇಲೆ ಹೊಟ್ಟೆ ಉರಿದುಕೊಂಡಿದ್ದ. ಈಗ ಉರಿದುಕೊಳ್ಳಲು ಬೇರೆ ಯಾರೂ ಸಿಗಲಿಲ್ಲ.

ಬ್ರಶ್ಶಿನ ತುದಿಗೆ ನೀಲಿ ಬಣ್ಣ ತೆಗೆದುಕೊಂಡು ಮೂಲೆಯ ಹೆಸರನ್ನು ಮುಚ್ಚತೊಡಗಿದ. ಈ ಸಲ ಯಾರೂ ಮುಚ್ಚು ಎಂದಿರಲಿಲ್ಲ. ಕೊನೆಯ ಅಕ್ಷರ ಹೋಗುವ ತನಕ ಭುವನೇಶ್ವರಿ ನೋಡುತ್ತ ನಿಂತಿದ್ದಳು. ಆಮೇಲೆ ಬೋರ್ಡನ್ನು ಎತ್ತಿ ಗೋಡೆಗೆ ಮುಖ ಮಾಡಿ ಒರಗಿಸಿದಳು.

"ನಾಳಿ ಮತ್ತ ಕೂಡ್ತೀನಿ," ಎಂದಳು. "ಆದರ ಬಾಯಿ ಮುಚ್ಚಂಗಿಲ್ಲ. ಮಾತಾಡ್ಕೋತನೇ ಕೂಡ್ತೀನಿ. ಬಂದಂಗ ಬರೀರಿ."