ಲಾಳಿಯ ಹುರಿ ಹಿಡಿದು ಮುಂಡರಗಿಗೆ

ಮೂರನೆಯ ದಿನ ಬೆಳಗ್ಗೆ ಏಳೂವರೆಗೆ ಲಕ್ಷ್ಮೇಶ್ವರ ಬಿಟ್ಟೆ. ಎಂಬತ್ತೆರಡರ ಮೇ ತಿಂಗಳು. ಕಾರವಾರದ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾದ ನಾನು, ನಲವತ್ತೇಳನೆಯ ವಯಸ್ಸಿನಲ್ಲಿ, ಮುಂಡರಗಿಯ ಅಕ್ಕನ ಮನೆಗೆ ಒಬ್ಬನೇ ಬೈಕಿನ ಮೇಲೆ ಹೊರಟಿದ್ದೆ. ಸುಮಾರು ಮುನ್ನೂರು ಕಿಲೋಮೀಟರ್. ಬಸ್ಸು ಒಂದೇ ದಿನದಲ್ಲಿ ಮುಟ್ಟಿಸುವ ದಾರಿಯನ್ನು ನಾನು ಮೂರು ದಿನಕ್ಕೆ ಹಂಚಿಕೊಂಡಿದ್ದೆ. ಎಂಜಿನ್ ಕಾಯ್ದೀತೆಂಬ ಚಿಂತೆ, ನನ್ನ ತಲೆ ಅದಕ್ಕಿಂತ ಮೊದಲೇ ಕಾಯ್ದೀತೆಂಬ ಚಿಂತೆ.

ಇದಕ್ಕೆಲ್ಲ ಕಾರಣ ಅಕ್ಕನ ಗಂಡ ವೀರಣ್ಣ ಬರೆದ ಕಾಗದ. ‘ನೀನು ಬೈಕಿನ ಮೇಲೆ ಬರುವುದಿಲ್ಲ, ಬೈಕು ಲಾರಿಯ ಮೇಲೆ ಬರುತ್ತದೆ. ಹಾಗಾದರೆ ಅದನ್ನು ನನಗೇ ಬಿಟ್ಟು ಹೋಗು’ ಎಂದಿದ್ದ. ರೋಷದಲ್ಲಿ ನಾನೂ ಬರೆದುಬಿಟ್ಟೆ: ‘ಅಮಾವಾಸ್ಯೆಯ ದಿನ ದೀಪ ಹಚ್ಚುವುದರೊಳಗೆ ಓಡಿಸಿಕೊಂಡು ಬರುತ್ತೇನೆ. ತಪ್ಪಿದರೆ ಬೈಕು ನಿನ್ನದು.’ ಪೋಸ್ಟ್ ಡಬ್ಬಿಗೆ ಹಾಕಿದ ಮರುಗಳಿಗೆಯಿಂದ ನಿದ್ದೆ ಬಂದಿರಲಿಲ್ಲ. ಇವತ್ತೇ ಆ ಅಮಾವಾಸ್ಯೆ.

ಶಿರಹಟ್ಟಿಯಲ್ಲಿ ಮಂಡಕ್ಕಿ, ಎರಡು ಮಿರ್ಚಿ, ಚಹಾ. ಎಲ್ಲ ಸೇರಿ ಒಂದೂವರೆ ರೂಪಾಯಿ. ಅಲ್ಲಿಂದ ಮುಂಡರಗಿಗೆ ನೇರ ದಾರಿಯೂ ಇತ್ತು. ಆದರೆ ಗುಡ್ಡದ ಮಗ್ಗುಲಲ್ಲಿ ಗಾಡಿ ಕೆಟ್ಟರೆ ಗ್ಯಾರೇಜು ಎಲ್ಲಿಂದ ತರುವುದೆಂದು ಯೋಚಿಸಿ, ಗದಗಿನ ಮೇಲೆ ಸುತ್ತಿಕೊಂಡು ಹೋಗುವ ಜಾಣತನ ತೋರಿಸಿದೆ. ಆ ಜಾಣ ದಾರಿಯ ಏಳನೆಯ ಕಿಲೋಮೀಟರಿನಲ್ಲೇ ಎಕ್ಸಲೇಟರ್ ಕೇಬಲ್ ಹಿಡಿಕೆಯ ಹತ್ತಿರ ಪಟ್ಟೆಂದು ಹರಿಯಿತು.

ಚೀಲದಲ್ಲಿ ಮೂರು ಪ್ಲಗ್, ಎರಡು ಟ್ಯೂಬ್, ಚೇಳು ಕಡಿದರೆ ಹಚ್ಚುವ ಮುಲಾಮು, ಎರಡು ಕ್ಲಚ್ ಕೇಬಲ್ ಇದ್ದವು. ಎಕ್ಸಲೇಟರ್ ಕೇಬಲ್ ಮಾತ್ರ ಇರಲಿಲ್ಲ. ಅದೊಂದು ಹರಿಯಬಹುದೆಂಬ ಚಿಂತೆ ನನಗೆ ಹೊಳೆದೇ ಇರಲಿಲ್ಲ.

ಒಂಬತ್ತು ಗಂಟೆಗೇ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಒಂದು ಫರ್ಲಾಂಗು ತಳ್ಳುವಷ್ಟರಲ್ಲಿ ಕಣ್ಣು ಕತ್ತಲಿಟ್ಟಿತು. ಅಷ್ಟರಲ್ಲಿ ಖಾಲಿ ಲಾರಿಯೊಂದು ನಿಂತಿತು.

“ಹಿಂದ ಹಾಕ್ರಿ ಸಾಹೇಬ್ರ, ಗದಗಕ್ಕ ಇಳಿಸಿ ಹೋಗ್ತೀನಿ. ರೊಕ್ಕಾನೂ ಬ್ಯಾಡ” ಎಂದ ಚಾಲಕ.

ಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನನ್ನದು ಸುಳ್ಳು ಹೇಳಲು ಬಾರದ ಮುಖ. ವೀರಣ್ಣ ಒಮ್ಮೆ ನೋಡಿದರೆ ಸಾಕು, ಲಾರಿಯ ನಂಬರನ್ನೂ ಹೇಳಿಬಿಡುತ್ತಾನೆ. “ಬೇಡಪ್ಪಾ, ತಳ್ಳಿಕೊಂಡು ಹೋಗುತ್ತೇನೆ” ಎಂದೆ.

“ನಿಮಗ ಬಿಸಲು ತಲಿಗೇರೈತಿ” ಎಂದು ಅವನು ಹೋದ.

ಬೇವಿನ ಮರದ ಕೆಳಗೆ ಬಸ್ಸಿಗಾಗಿ ಕಾಯುತ್ತಿದ್ದವನೊಬ್ಬ ಇದನ್ನೆಲ್ಲ ನೋಡಿ ನಗುತ್ತಿದ್ದ. ನನ್ನದೇ ವಯಸ್ಸು. ಹೆಸರು ತಿಪ್ಪಣ್ಣ, ಗದಗಿಗೆ ಅಂಟಿಕೊಂಡ ಬೆಟಗೇರಿಯ ನೇಕಾರ. ಅಮಾವಾಸ್ಯೆಯಂದು ಮಗ್ಗ ನಡೆಸುವುದಿಲ್ಲವಾದ್ದರಿಂದ, ಅಲ್ಲೇ ಪಕ್ಕದ ಹಳ್ಳಿಗೆ ಬಂದು ಹೊಸ ಹುರಿ ಹೊಸೆಸಿಕೊಂಡು ಹೊರಟಿದ್ದ. ಆ ಹುರಿಯ ತುದಿಗೊಂದು ಕಟ್ಟಿಗೆಯ ಹಿಡಿ. ಅದನ್ನು ಎಳೆದರೆ ಮಗ್ಗದಲ್ಲಿ ನೂಲು ಹೊತ್ತ ಲಾಳಿ ಓಡುತ್ತದೆ.

ಎಂಜಿನ್ನಿನಿಂದ ಬಂದು ಹಿಡಿಕೆಯ ಹತ್ತಿರ ಇಣುಕುತ್ತಿದ್ದ ತುಂಡು ತಂತಿಯನ್ನು ಅವನು ಎರಡು ಸಲ ಎಳೆದು ಬಿಟ್ಟು ನೋಡಿದ. “ಜಗ್ಗಿದ್ರ ಬರ್ತೈತಿ, ಬಿಟ್ರ ತಾನ ಹೋಗ್ತೈತಿ. ಇಷ್ಟ ಏನ್ರಿ? ಇದನ್ನ ನಾ ಮೂವತ್ತ ವರ್ಸದಿಂದ ಮಾಡಾಕ್ಹತ್ತೀನಿ!”

ನನ್ನ ಇಕ್ಕಳದಿಂದ ತಂತಿಯ ತುದಿಯನ್ನು ಕೊಕ್ಕೆಯಾಗಿ ಬಗ್ಗಿಸಿ, ಹುರಿ ಪೋಣಿಸಿ, ಕಣ್ಣಿಗೆ ಕಾಣದಷ್ಟು ಬೇಗ ಗಂಟು ಹಾಕಿದ. ಹಿಂದೆ ಹತ್ತಿ ಕೂತು ಹಿಡಿಯನ್ನು ತಾನೇ ಹಿಡಿದುಕೊಂಡ. “ನೀವು ದಾರಿ ನೋಡ್ರಿ, ನಾ ಜಗ್ಗತೀನಿ. ಗಾಡಿ ಮ್ಯಾಲೆ ಕುಂತಿದ್ದು ಇದ ಮೊದಲ ನೋಡ್ರಿ.”

ಆ ಕೊನೆಯ ಮಾತನ್ನು ಹೊರಡುವ ಮೊದಲು ಹೇಳಬಾರದಿತ್ತು. ಬ್ರೇಕು ನನ್ನದು, ವೇಗ ಅಪರಿಚಿತನದು! ಮೂವತ್ತು ವರ್ಷದ ಅಭ್ಯಾಸದಂತೆ ಅವನು ಖಟ್ ಎಂದು ಎಳೆದು ಬಿಟ್ಟ. ಬೈಕು ಕಪ್ಪೆಯಂತೆ ಜಿಗಿದು ನಿಂತಿತು. ಮತ್ತೆ ಖಟ್, ಮತ್ತೆ ಜಿಗಿತ.

“ಸೀರೆ ನೇಯಬೇಡ ಮಾರಾಯ! ಎಳೆದು ಹಾಗೇ ಹಿಡಿ!” ಎಂದು ಕೂಗಿದೆ.

“ನೀವ್ ಅಂಜಬ್ಯಾಡ್ರಿ, ನಿಮ್ಮ ಬೆನ್ನ ನಡಗಾಕ್ಹತ್ತೈತಿ, ನನ್ನ ಕೈ ತಪ್ಪತೈತಿ!”

ಎರಡು ಕಿಲೋಮೀಟರಿನಲ್ಲಿ ಅವನ ಕೈಗೆ ಹದ ಸಿಕ್ಕಿತು. ವೀರಣ್ಣನ ಪಂದ್ಯದ ಕತೆಯನ್ನು ಅವನಿಗೆ ಹೇಳಿದೆ. ಬಲಕ್ಕೆ ಕಪ್ಪತಗುಡ್ಡ ಬಿಸಿಲಲ್ಲಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಎದುರು ಗಾಳಿ ಒಲೆಯ ಬಾಯಿಯಂತಿತ್ತು. ಆದರೂ ಗದಗ ಮುಟ್ಟುವಾಗ ನಾವಿಬ್ಬರೂ ಸುಮ್ಮಸುಮ್ಮನೆ ನಗುತ್ತಿದ್ದೆವು.

ಗದಗಿನಲ್ಲಿ ನಾಲ್ಕು ಗ್ಯಾರೇಜು ಸುತ್ತಿದೆವು. ಮೂರಕ್ಕೆ ಬೀಗ. ನಾಲ್ಕನೆಯವನು ಕಟ್ಟೆಯ ಮೇಲೆ ಮಲಗಿದ್ದಲ್ಲಿಂದಲೇ, “ಅಮಾಸಿ ದಿನ ಪಾನಾ, ಇಕ್ಕಳ ಮುಟ್ಟಂಗಿಲ್ರಿ. ನಾಳೆ ಬರ್ರಿ” ಎಂದ. ನಾಳೆಗೆ ಬೈಕು ನನ್ನದಾಗಿರುವುದಿಲ್ಲ.

ತಿಪ್ಪಣ್ಣನ ಮನೆಯಲ್ಲಿ ರೊಟ್ಟಿ, ಪುಂಡಿಪಲ್ಯ, ಎರಡು ತಂಬಿಗೆ ಮಜ್ಜಿಗೆ. ಅವನ ಹೆಂಡತಿ ಗಂಗವ್ವ ಬೈಕಿಗೆ ಕಟ್ಟಿದ ಹುರಿ ನೋಡಿ, “ಹೊಸಾದು ಕೊಟ್ಟು ನಾಳೆ ಏನು ಜನಿವಾರ ಜಗ್ಗತೀ?” ಎಂದು ಗಂಡನನ್ನು ತರಾಟೆಗೆ ತೆಗೆದುಕೊಂಡಳು.

“ಹಳೇದು ಇನ್ನೊಂದು ಸೀರಿ ತಡೀತೈತಿ ಬಿಡು. ಇವರ ಮರ್ಯಾದಿ ಸಂಜೀತನಕಾನೂ ತಡಿಯಂಗಿಲ್ಲ” ಎಂದ ಅವನು. ಆಮೇಲೆ ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಯ ಪಕ್ಕ ನನ್ನನ್ನು ಕೂರಿಸಿ, ಹಳೆಯ ಹುರಿಯ ಹಿಡಿಯನ್ನು ಅಂಗೈಗೆ ಕೊಟ್ಟು, ಮಗುವಿಗೆ ಅಕ್ಷರ ತಿದ್ದಿಸುವಂತೆ ನನ್ನ ಮಣಿಕಟ್ಟು ಹಿಡಿದು ಕಲಿಸಿದ. “ತೋಳಿಂದ ಜಗ್ಗಬ್ಯಾಡ್ರಿ. ತೋಳು ಅಂಜತೈತಿ. ಮಣಿಕಟ್ಟಿಂದ ಜಗ್ಗರಿ.”

ಮೂರೂವರೆಗೆ ಒಬ್ಬನೇ ಹೊರಟೆ. ಬಲಗೈ ಬೆರಳುಗಳಿಗೆ ಹುರಿ ಸುತ್ತಿಕೊಂಡು, ಅದೇ ಕೈಯಲ್ಲಿ ಹ್ಯಾಂಡಲ್ ಹಿಡಿದು. ನಲವತ್ತು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ದಾರಿ. ಡಂಬಳದ ಹತ್ತಿರ ಎಮ್ಮೆಗಳ ಹಿಂಡು ಅಡ್ಡ ಬಂದಾಗ ತೋಳು ಅಂಜಿತು, ಎಂಜಿನ್ ಆರಿತು. ಇಳಿದು, ಬೆವರು ಒರೆಸಿ, ಮತ್ತೆ ಕಿಕ್ಕರ್ ಒದ್ದೆ. ಆಮೇಲೆ ಏನಾಯಿತೋ, ಎಲ್ಲ ಚಿಂತೆಗಳೂ ಆ ಎಮ್ಮೆಗಳ ಜೊತೆ ದಾಟಿಹೋದಂತೆ, ಮಣಿಕಟ್ಟೊಂದೇ ಉಳಿಯಿತು. ಎಳೆದರೆ ರಸ್ತೆ ಬರುತ್ತಿತ್ತು.

ಹೊತ್ತು ಮುಳುಗಲು ಇನ್ನೂ ಒಂದು ಮಾರು ಇರುವಾಗ ಮುಂಡರಗಿಯ ಬಜಾರಿಗೆ ನುಗ್ಗಿದೆ. ಮನೆಯ ಕಟ್ಟೆಯ ಮೇಲೆ ವೀರಣ್ಣ ನಾಲ್ಕು ಜನ ಗೆಳೆಯರನ್ನು ಕೂರಿಸಿಕೊಂಡು, ಲಾರಿ ಬರುವ ದಾರಿ ಕಾಯುತ್ತಿದ್ದ. ನನ್ನನ್ನು ಕಂಡು ಬಾಯಲ್ಲಿದ್ದ ಎಲೆ ಅಡಿಕೆ ಅಗಿಯುವುದನ್ನೇ ಮರೆತ.

ನಾನು ಇಳಿಯಲಿಲ್ಲ. ಮನೆ ದಾಟಿ ಹೋಗಿ, ಬಜಾರು ಸುತ್ತಿ, ಮತ್ತೆ ಅದೇ ಕಟ್ಟೆಯ ಮುಂದೆ ಬಂದೆ.

“ಲೇ, ಬ್ರೇಕ್ ಹತ್ತವಲ್ಲವೇನ್ಲೇ?” ಎಂದು ವೀರಣ್ಣ ಎದ್ದು ನಿಂತು ಕೂಗಿದ.

“ಹತ್ತತಾವ!” ಎಂದು ನಾನೂ ಕೂಗಿದೆ.

“ಮತ್ತ ಇಳೀಲೇ! ಹೋಳಿಗಿ ಆರ್ತಾವ!”

ಆರಲಿ ಎಂದು ಮಣಿಕಟ್ಟಿನಿಂದ ಹುರಿ ಎಳೆದು ಎರಡನೆಯ ಸುತ್ತಿಗೆ ಹೊರಟೆ.