ಸೋವಿಗೆ ಸಿಕ್ಕ ಪಾಲು

ಕರ್ಜಗಿಯಲ್ಲಿ ಮುತ್ತವ್ವನ ಎದುರಿಗೆ ನಿಂತು ಮಟನ್ ತುಟ್ಟಿಯಾಯಿತೆಂದು ಗೊಣಗಿದವರು ಯಾರೂ ಸುಮ್ಮನೆ ಮನೆಗೆ ಹೋದದ್ದಿಲ್ಲ. ಮುತ್ತವ್ವ ದಡ್ಡಿಯಲ್ಲಿ, ಅಂದರೆ ಕುರಿಕೊಟ್ಟಿಗೆಯಲ್ಲಿ, ಟಗರು ಸಾಕುವವಳು. ಸೆರಗು ಸಿಗಿಸಿ ನಿಂತಳೆಂದರೆ ಮುಗಿಯಿತು.

"ಬರ್ರಿ, ಒಂದ ತಿಂಗಳು ನಮ್ಮ ದಡ್ಡ್ಯಾಗ ಇರ್ರಿ. ಗೋವಿನಜೋಳದ ನುಚ್ಚು, ಶೇಂಗಾ ಹೊಟ್ಟು, ಹಿಂಡಿ, ಜಂತಿನ ಔಷಧ, ಎಲ್ಲಾ ಅಂಗಡ್ಯಾಗ ಸಿಗತಾವು. ನಸಕಿನ್ಯಾಗ ಎದ್ದು ಹಿಕ್ಕಿ ಬಳಿಯೂದು, ಮಳಿಗಾಲದಾಗ ಗೊರಸು ತೊಳಿಯೂದು, ಒಂದು ಕೆಮ್ಮಿದ್ರ ಅದರ ಮಗ್ಗಲ ಕುಂತು ಬೆಳಗ ಮಾಡೂದು, ಇದನ್ನ ಯಾವ ಅಂಗಡ್ಯಾಗ ತೂಗಿ ಕೊಡ್ತಾರ ಹೇಳ್ರಿ? ಸೋವಿ ಮಾಂಸ ಸಿಕ್ತು ಅಂದ್ರ, ಅದರ ಬಾಕಿ ರೊಕ್ಕ ಬ್ಯಾರೆ ಯಾರೋ ಕೊಟ್ಟಾರ ಅಂತ ತಿಳೀರಿ!"

ಬಾಯಿ ದೊಡ್ಡದು, ನಿಜ. ಆದರೆ ಆ ಬಾಯಿಯ ಹಿಂದೆ ನಡತೆಯೂ ಇತ್ತು. ರೋಗ ಬಂದು ಟಗರೊಂದು ಸತ್ತರೆ ಅವಳ ಗಂಡ ಅಜ್ಜಪ್ಪ ಹಿತ್ತಲಲ್ಲಿ ಸೊಂಟದುದ್ದದ ಕುಣಿ ತೋಡುವನು, ಇವಳು ಸುಣ್ಣ ಸುರಿಯುವಳು, ಇಬ್ಬರೂ ಸೇರಿ ಮಣ್ಣು ಎಳೆಯುವರು. ಸಾಯಲಿಕ್ಕಾದ ಕುರಿಯನ್ನು ಸದ್ದಿಲ್ಲದೆ ಸಾಗಹಾಕುವವರು ಊರಲ್ಲಿ ಇರಲಿಲ್ಲವೆಂದಲ್ಲ. ಅಂಥವರ ವಂಶವನ್ನೆಲ್ಲ ಮುತ್ತವ್ವ ಬಾವಿಕಟ್ಟೆಯಲ್ಲಿ ನಿಂತು ಜಾಲಾಡುತ್ತಿದ್ದಳು. ಮುತ್ತವ್ವನ ದಡ್ಡಿಯ ಟಗರೆಂದರೆ ಕಣ್ಣು ಮುಚ್ಚಿ ತಗೋಬಹುದು ಎಂದು ಹಾವೇರಿ ಸಂತೆಯವರು ಅನ್ನುತ್ತಿದ್ದದ್ದು ಈ ಕುಣಿಯ ದೆಸೆಯಿಂದ.

ಅಂಥ ಮುತ್ತವ್ವ ಹೋದ ಗುರುವಾರ ಕೆಂಚ್ಯಾನನ್ನು ಮಾರಿಬಿಟ್ಟಳು.

ಕೆಂಚ್ಯಾ ಕೆಂಪು ಟಗರು. ತಾಯಿ ಸತ್ತ ಮರಿಯೆಂದು ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದಳು. ಮಳೆ ಹಿಡಿದಾಗ ಅದಕ್ಕೆ ಜ್ವರ ಬಂತು, ಮೂಗು ಸೋರಿತು, ಮೇವು ಬಿಟ್ಟಿತು. ಡಾಕ್ಟರು ಬಂದು ಸೂಜಿ ಮಾಡಿ, "ಔಷಧ ಮೈಯಾಗ ಇರೂತನಕ ಇದನ್ನ ಕೊಯ್ಯಂಗಿಲ್ಲ ನೋಡವಾ" ಎಂದು ಎಚ್ಚರಿಸಿ ಹೋದರು. ಗುರುವಾರ ಮುಂಜಾನೆ ಅದು ಏಳಲೇ ಇಲ್ಲ. ಕುಣಿ ತೋಡಬೇಕಾದ ಅಜ್ಜಪ್ಪ ತಂಗಿಯ ಹೊಸ ಮನೆ ಪೂಜೆಗೆಂದು ಗಳಗನಾಥಕ್ಕೆ ಹೋಗಿದ್ದ. ಅದೇ ಹೊತ್ತಿಗೆ, ಹದ್ದಿಗೆ ವಾಸನೆ ಹತ್ತಿದಂತೆ, ಕುರಿ ವ್ಯಾಪಾರದ ಮಧು ತನ್ನ ಮೂರುಗಾಲಿ ಟಂಟಂ ತಂದು ಬಾಗಿಲಿಗೆ ನಿಲ್ಲಿಸಿದ.

"ದೊಡ್ಡವ್ವಾ, ಹೆಂಗೂ ಮಣ್ಣಿಗೆ ಹೋಗೂದು. ನನಗ ಕೊಡ್ರಿ. ಮೀನಿನ ಹೊಂಡಕ್ಕ ಹಾಕ್ತಾರ."

"ಖರೇ ಮೀನಿಗ?"

"ನಿಮ್ಮಾಣಿ ದೊಡ್ಡವ್ವಾ."

ಮೀನಿಗೇ ಎಂದು ಮುತ್ತವ್ವ ನಂಬಿದಳು. ನಂಬಿದಳೋ, ನಂಬಿದರೆ ಸಲೀಸು ಎಂದು ನಂಬಿದಳೋ, ಅದು ಅವಳಿಗೇ ಗೊತ್ತು. ಇಷ್ಟು ದಿನದ ಮೈಮುರಿತವೆಲ್ಲ ಮಣ್ಣುಪಾಲಾಗುತ್ತದಲ್ಲ ಎಂಬ ಸಂಕಟ ಇದ್ದದ್ದು ಮಾತ್ರ ಸುಳ್ಳಲ್ಲ. ಅವನು ಕೊಟ್ಟ ಅಷ್ಟಿಷ್ಟು ರೊಕ್ಕವನ್ನು ಎಣಿಸದೆ ಜೋಳದ ಡಬ್ಬಿಯಲ್ಲಿ ತುರುಕಿದಳು. ಕೆಂಚ್ಯಾನನ್ನು ಎತ್ತಿ ಹಾಕುವಾಗ ಅದಿನ್ನೂ ಉಸಿರಾಡುತ್ತಿತ್ತು.

ಸಂಜೆ ಅಜ್ಜಪ್ಪ ಬಂದ. "ಕೆಂಚ್ಯಾ?"

"ಹೋತು."

"ಹೂತಿ?"

"ಹ್ಞೂ. ಹಿತ್ತಲದಾಗ."

"ಒಬ್ಬಾಕಿನ ಅಷ್ಟ ದೊಡ್ಡ ಕುಣಿ ತಗದೀ? ನನಗೊಂದು ಫೋನ್ ಮಾಡಬಾರದಾ ಹುಚ್ಚೀ" ಎಂದು ಆ ಪುಣ್ಯಾತ್ಮ ಒಳಗೆ ಹೋಗಿ ಎಣ್ಣೆ ಬಿಸಿ ಮಾಡಿ ತಂದು, ಅವಳ ಎರಡೂ ಕೈಗೆ ತಿಕ್ಕುತ್ತ ಕೂತ. ಸನಿಕೆ ಮುಟ್ಟದ ಕೈಗಳವು. ಮುತ್ತವ್ವನಿಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು.

ರವಿವಾರ ಮುಂಜಾನೆ ಹಾವೇರಿಯಿಂದ ಮಗಳು ಐಶ್ವರ್ಯಳ ಫೋನ್ ಬಂತು. ಚೊಚ್ಚಲ ಬಸುರಿ, ಐದು ತುಂಬಿತ್ತು. ಮಟನ್ ಸಾರು ಉಣ್ಣಬೇಕೆಂದು ವಾರದಿಂದ ಬಯಕೆ.

"ಅವ್ವಾ, ಲಗೂ ಬಾ! ಇವ್ರು ಮಟನ್ ತಂದಾರ. ಅರ್ಧಕ್ಕರ್ಧ ಸೋವಿ! ಬೈಪಾಸ್ ಹತ್ರ ಟಂಟಂನ್ಯಾಗ ಪಾಲು ಹಾಕಿ ಮಾರಾಕತ್ತಿದ್ರಂತ. ನನಗ ಕಾಲಿನ ಸೂಪ್ ಮಾಡಾಕ ತಲಿ-ಕಾಲೂ ತಂದಾರ."

ಪಾಲು ಎಂದರೆ ಒಂದು ಕುರಿಯನ್ನು ಕಡಿದು, ಮಾಂಸ, ಎಲುಬು, ಲಿವರ್ ಎಲ್ಲವನ್ನೂ ಸಮನಾಗಿ ಗುಂಪಿ ಹಾಕಿ ಹಂಚಿಕೊಳ್ಳುವುದು. ತೂಕವಿಲ್ಲ, ತಕರಾರಿಲ್ಲ. ಯಾರ ದಡ್ಡಿಯ ಕುರಿಯೆಂದು ಊರಿಗೆಲ್ಲ ಗೊತ್ತಿರುವ ಕಡೆ ನಡೆದುಬಂದ ಪದ್ಧತಿ ಅದು. ಟಂಟಂನಲ್ಲಿ ಬಂದ ಕುರಿಯ ಗುರುತು ಯಾರಿಗಿದೆ? ಮುತ್ತವ್ವ ಫೋನನ್ನು ಕಿವಿಗೆ ಒತ್ತಿಕೊಂಡಳು.

"ಯಾವ ಬಣ್ಣದ ಕುರಿ?"

"ಏ, ಬ್ಯಾಡಗಿ ಖಾರ ಬಿತ್ತಂದ್ರ ಎಲ್ಲಾ ಕುರಿ ಕೆಂಪನ!" ಮಗಳು ನಕ್ಕಳು.

ಚೆಲ್ಲಿಬಿಡು ಎಂಬ ಮಾತು ಗಂಟಲವರೆಗೆ ಬಂತು. ಚೆಲ್ಲು ಎಂದರೆ ಯಾಕೆ ಎನ್ನುತ್ತಾಳೆ. ಅಲ್ಲಿ ಅಳಿಯ ಚೇತನಕುಮಾರನ ದನಿ ಕೇಳುತ್ತಿತ್ತು, ಇಲ್ಲಿ ಅಜ್ಜಪ್ಪ ಮಗ್ಗುಲಲ್ಲೇ ಕೂತು ಹಗ್ಗ ಹೊಸೆಯುತ್ತಿದ್ದ. ಊರಿಗೆಲ್ಲ ಬುದ್ಧಿ ಹೇಳುವವಳು ನೆವ ಹುಡುಕಿದಳು.

"ನಾ ಬರೂತನಕ ಉಣಬ್ಯಾಡ ಐಶೂ. ಬಯಕಿ ಊಟ. ಮೊದಲನೇ ತುತ್ತು ತಾಯಿ ಕೈಲೆ ಆಗಬೇಕು."

"ಹೌದನು? ಹಂಗಾರ ಲಗೂ ಬಾ. ಹೊಟ್ಟಿ ತಡ್ಯಾಂಗಿಲ್ಲ."

ಬಸ್ಸು ಹತ್ತಿದ ಮೇಲೆ ಅವಳಿಗೆ ನಿಜವಾದ ಭಯ ಹಿಡಿಯಿತು. ಹುಚ್ಚುಮುಂಡೆ, ಚೆಲ್ಲು ಅನ್ನುವುದು ಬಿಟ್ಟು ತುತ್ತು ಗಿತ್ತು ಎಂದೆನಲ್ಲ! ಮತ್ತೆ ಫೋನ್ ಹಚ್ಚಿದಳು. ಎತ್ತಲಿಲ್ಲ. ಇನ್ನೊಮ್ಮೆ ಹಚ್ಚಿದಳು. ಎತ್ತಲಿಲ್ಲ. ಹಸಿವೆಗೆ ತಡೆಯದೆ ಉಂಡೇಬಿಟ್ಟಳೇ? ಚಿಕ್ಕಂದಿನಿಂದಲೂ ಉಪ್ಪು ನೋಡುವ ನೆವದಲ್ಲಿ ಸೌಟು ನೆಕ್ಕುವ ಹುಡುಗಿ ಅದು. ರಸ್ತೆಯ ಅರ್ಧಕ್ಕೆ ಗೋವಿನಜೋಳ ಒಣಹಾಕಿದ್ದರು. ಡ್ರೈವರ್ ಅದನ್ನು ತಪ್ಪಿಸುತ್ತ ಮದುವೆ ಮೆರವಣಿಗೆಯ ಹಾಗೆ ಬಸ್ಸು ಬಿಡುತ್ತಿದ್ದ. ಪಕ್ಕದಲ್ಲಿ ಕೂತ ಹೆಂಗಸು, "ಯಾಕ ಯವ್ವಾ, ಮೈಯಾಗ ಆರಾಮಿಲ್ಲೇನು?" ಎಂದದ್ದೇ ತಡ, "ನಾ ಏನ ಮಾಡೀನಿ?" ಎಂದು ಮುತ್ತವ್ವ ಸಿಡಿದುಬಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಆ ಹೆಂಗಸು ಪಾಪ, ಮುಖ ತಿರುಗಿಸಿ ಕಿಟಕಿ ನೋಡುತ್ತ ಕೂತಳು.

"ದೇವರಗುಡ್ಡದ ಮೈಲಾರಲಿಂಗಪ್ಪಾ, ಆ ಕುರಿ ನಂದು ಆಗದಂಗ ಮಾಡು. ಅಷ್ಟ ಸಾಕು." ದಾರಿಯುದ್ದಕ್ಕೂ ಇದೊಂದೇ ಜಪ.

ಬಸ್ಸಿಳಿದು ಮಗಳ ಮನೆ ಮುಟ್ಟಿದಾಗ ಕುಕ್ಕರ್ ಸೀಟಿ ಹೊಡೆಯುತ್ತಿತ್ತು. ಐಶ್ವರ್ಯ ಬಾಗಿಲಲ್ಲೇ ನಿಂತಿದ್ದಳು. "ಮೊಬೈಲ್ ಚಾರ್ಜಿಗೆ ಇಟ್ಟಿದ್ನೆವ್ವಾ. ಯಾಕ ಅಷ್ಟ ಫೋನು?"

"ಉಪ್ಪು ನೋಡೀಯೇನು?"

"ಇಲ್ಲ. ನೀನ ಹೇಳಿದ್ಯಲ್ಲ, ಮೊದಲನೇ ತುತ್ತು ನಿನ್ನ ಕೈಲೆ ಅಂತ."

ಮುತ್ತವ್ವ ಸೀದಾ ಬಚ್ಚಲಿಗೆ ಹೋದಳು. ಸುಡದೆ ಇಟ್ಟಿದ್ದ ತಲೆ ಪ್ಲಾಸ್ಟಿಕ್ ಚೀಲದಲ್ಲಿತ್ತು. ಅವರ ದಡ್ಡಿಯ ಕುರಿಗಳಿಗೆಲ್ಲ ಎಡಗಿವಿಯ ತುದಿಗೆ ಎರಡು ಕಚ್ಚು ಹಾಕುವುದು ಅತ್ತೆಯ ಕಾಲದಿಂದ ಬಂದ ಗುರುತು. ಚೀಲ ಬಿಚ್ಚಿದಳು. ಕರಿ ಮೋರೆ. ಎರಡೂ ಕಿವಿ ಇಡಿಯಾಗಿದ್ದವು.

ಕೆಂಚ್ಯಾ ಅಲ್ಲ! ಬಚ್ಚಲ ಕಲ್ಲಿನ ಮೇಲೆ ಕೂತಳು. ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಮೈಲಾರಲಿಂಗಪ್ಪ ಕೇಳಿದ್ದನ್ನು ಕೊಟ್ಟಿದ್ದ.

ಕಣ್ಣೊರೆಸಿಕೊಂಡು ಮತ್ತೊಮ್ಮೆ ನೋಡಿದಳು. ಮೂಗಿನ ಸುತ್ತ ಸಿಂಬಳ ಒಣಗಿ ಹಕ್ಕಳೆಗಟ್ಟಿತ್ತು. ತುಟಿ ಒಳಗೆಲ್ಲ ಹುಣ್ಣು. ಬುಟ್ಟಿಯಲ್ಲಿ ಉಳಿದಿದ್ದ ಮಾಂಸ ಕಪ್ಪಗಿತ್ತು, ರಕ್ತ ಹರಿದುಹೋಗಿರಲಿಲ್ಲ. ಇದೂ ಯಾವುದೋ ದಡ್ಡಿಯಲ್ಲಿ ಏಳಲಾರದೆ ಬಿದ್ದಿದ್ದ ಕುರಿಯೇ. ಮುತ್ತವ್ವ ಎದ್ದು ಹೋಗಿ ಗ್ಯಾಸ್ ಆರಿಸಿ, ಕುಕ್ಕರನ್ನು ಬಟ್ಟೆಯಲ್ಲಿ ಹಿಡಿದೆತ್ತಿ ಹೊರಗೆ ಇಟ್ಟಳು.

"ಅತ್ತೀ, ಏನ ಮಾಡಾಕತ್ತೀರಿ?" ಅಳಿಯ ಓಡಿ ಬಂದ.

"ಇದು ರೋಗದ ಕುರಿ ಅಳ್ಯಾರ. ಯಾರೂ ಮುಟ್ಟಬ್ಯಾಡ್ರಿ."

"ಸೋವಿ ಅಂದ್ರ ನಿಮಗ ಎಲ್ಲಾದರ ಮ್ಯಾಲೂ ಸಂಶೆ. ರೋಗದ್ದ ಅಂತ ಹೆಂಗ ಹೇಳ್ತೀರಿ?"

ಜೀವಮಾನವಿಡೀ ಕುರಿ ಸಾಕಿದವಳು ನಾನು, ಅಷ್ಟು ತಿಳಿಯುವುದಿಲ್ಲವೇ ಎಂದರೆ ಸಾಕಿತ್ತು. ಹುಡುಗ ನಂಬುತ್ತಿದ್ದ, ಮರ್ಯಾದೆ ಉಳಿಯುತ್ತಿತ್ತು, ಊರಿಗೆ ಮರಳಿ ಬಾವಿಕಟ್ಟೆಯ ಭಾಷಣ ಮುಂದುವರಿಸಬಹುದಿತ್ತು. ಮುತ್ತವ್ವ ಮಗಳ ಹೊಟ್ಟೆಯ ಕಡೆ ನೋಡಿದಳು.

"ಯಾಕಂದ್ರ ಹೋದ ಗುರುವಾರ ಇಂಥಾದ್ದ ಒಂದನ್ನ ನಾನ ಮಾರೀನಿ. ನಮ್ಮ ಕೆಂಚ್ಯಾನ್ನ."

ಐಶ್ವರ್ಯ ಗೋಡೆ ಹಿಡಿದು ಮೆಲ್ಲಗೆ ಕೂತಳು.

"ಇದು ಕೆಂಚ್ಯಾ ಏನವ್ವಾ?"

"ಅಲ್ಲ. ಕಿವಿ ನೋಡಿದೆ, ನಮ್ಮದಲ್ಲ."

ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು:

"ಮತ್ತ ಕೆಂಚ್ಯಾ ಯಾರ ಮನ್ಯಾಗ ಕುದಿಯಾಕತ್ತಾನ?"

ಬಸ್ಸಿನಲ್ಲಿ ಅಷ್ಟೆಲ್ಲ ಬೇಡಿಕೊಂಡವಳಿಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಅವಳು ತಲೆಯ ಚೀಲ ಎತ್ತಿಕೊಂಡಳು.

"ಅಳ್ಯಾರ, ಬೈಕ್ ತಗೀರಿ. ಆ ಟಂಟಂ ನಿಂತಲ್ಲಿಗೆ."

"ಮಂದಿ ಮುಂದ ಹೇಳ್ತೀರೇನು? ನಿಮ್ಮ ಮಾರಿಗೆ ಉಗಳ್ತಾರ್ರಿ ಅತ್ತೀ."

"ಉಗಳ್ಲಿ. ತಗೀರಿ ನೀವು."

ಬೈಕ್ ಓಣಿ ದಾಟಿ ದೊಡ್ಡ ರಸ್ತೆಗೆ ಬಂದಾಗ ಮುತ್ತವ್ವ ಅಜ್ಜಪ್ಪನಿಗೆ ಫೋನ್ ಹಚ್ಚಿದಳು. ಅವನು ಎತ್ತಿದ ಕೂಡಲೇ, "ಊಟ ಆತೇನು? ಐಶೂ ಹೊಟ್ಟಿ ತುಂಬ ಉಂಡಳಾ?" ಎಂದ.

"ಏನ್ರೀ," ಎಂದಳು ಮುತ್ತವ್ವ, "ಹಿತ್ತಲದಾಗ ಕುಣಿ ಇಲ್ಲರಿ. ನಾ ತೋಡೇ ಇಲ್ಲ."

ಮುಂದೆ ಬೈಪಾಸಿನ ಬದಿಗೆ ಮಧುವಿನ ಟಂಟಂ ಕಂಡಿತು. ಅದರ ಸುತ್ತ ಚೀಲ ಹಿಡಿದ ಜನ ಇನ್ನೂ ನಿಂತಿದ್ದರು. ಬೈಕ್ ಪೂರ್ತಿ ನಿಲ್ಲುವ ಮೊದಲೇ ಮುತ್ತವ್ವ ಇಳಿದಳು.