ಮುಂದಿನ ಕೋಣೆಯ ಸವತಿ

ಸವತಿ ಮತ್ಸರ ಹೆಂಗಸರಿಗೆ ಮಾತ್ರ ಬರುವ ಕಾಯಿಲೆ ಎಂದು ನೀವು ನಂಬಿದ್ದರೆ, ಒಮ್ಮೆ ಶಿಡ್ಲಘಟ್ಟಕ್ಕೆ ಬಂದು ನನ್ನನ್ನು ನೋಡಿ. ನನ್ನ ಸವತಿ ಮುಂದಿನ ಕೋಣೆಯಲ್ಲಿ ಕಸೂತಿ ಬಟ್ಟೆ ಹೊದ್ದು ಕೂತಿದೆ. ಅದೊಂದು ಕಂಪ್ಯೂಟರ್.

ನನ್ನ ಹೆಂಡತಿಯ ತಂಗಿಯ ಮಗಳು ಹೇಮಾ, ಗೌರಿಬಿದನೂರಿನವಳು, ನಮ್ಮ ಮನೆಯಲ್ಲಿದ್ದುಕೊಂಡು ಆ ಕೋಣೆಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಾಳೆ. ಅದಕ್ಕೆ ನನ್ನ ತಕರಾರಿರಲಿಲ್ಲ. ಕಲಿಯಲು ಬರುವವರು ಹೊತ್ತಿಗೆ ಸರಿಯಾಗಿ ಬರುತ್ತಾರೆ, ಚಪ್ಪಲಿಯನ್ನು ಸಾಲಾಗಿ ಬಿಡುತ್ತಾರೆ. ಹೊತ್ತು, ಸಾಲು ಎರಡೂ ಸರಿಯಿದ್ದರೆ ನನಗೆ ಪ್ರಪಂಚದ ಮೇಲೆ ಸಿಟ್ಟಿಲ್ಲ. ಹಾಸ್ಟೆಲಿನಲ್ಲಿ ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು ಬೆಳೆದವನು ನಾನು. ಆಮೇಲೆ ನಿವೃತ್ತನಾಗುವ ತನಕ ರೇಷ್ಮೆ ಇಲಾಖೆಯಲ್ಲಿ, ಹುಳುವಿಗೆ ಯಾವ ಹೊತ್ತಿಗೆ ಸೊಪ್ಪು ಹಾಕಬೇಕೆಂದು ರೈತರಿಗೆ ಹೇಳಿಕೊಡುವ ಕೆಲಸ. ರೇಷ್ಮೆಹುಳುವಿನಷ್ಟು ಶಿಸ್ತಿನ ಜೀವ ಇನ್ನೊಂದಿಲ್ಲ. ಪೊರೆ ಬಿಡುವ ಹೊತ್ತಿಗೆ (ನಮ್ಮ ಕಡೆ ಅದನ್ನು ಜ್ವರ ಅನ್ನುತ್ತಾರೆ) ತಲೆಯೆತ್ತಿ ಸುಮ್ಮನೆ ನಿಂತುಬಿಡುತ್ತದೆ. ಎಂಥ ಎಳೆಯ ಸೊಪ್ಪು ಹಾಕಿದರೂ ಮೂಸುವುದಿಲ್ಲ. ಮನುಷ್ಯನದು ಉಲ್ಟಾ. ಮನಸ್ಸಿಗೆ ಜ್ವರ ಬಂದಾಗಲೇ ಕೈ ತಿಂಡಿ ಡಬ್ಬಿಗೆ ಹೋಗುತ್ತದೆ.

ನಮ್ಮ ಮನೆಯವಳ ಕೈ ಹೋಗುತ್ತಿದ್ದದ್ದು ನಿಪ್ಪಟ್ಟಿನ ಡಬ್ಬಿಗೆ. ಚಿಕ್ಕಬಳ್ಳಾಪುರದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, "ಸಕ್ಕರೆ ಕಾಯಿಲೆ ಹೊಸಿಲ ತನಕ ಬಂದಿದೆಯಮ್ಮ, ಬಾಯಿ ಕಟ್ಟಿ" ಎಂದರು. ನಾನು ಅಂದೇ ಟೈಂಟೇಬಲ್ ಬರೆದು ಅಡುಗೆಮನೆಯಲ್ಲಿ ಅಂಟಿಸಿದೆ, ಡಬ್ಬಿಯನ್ನು ಅಟ್ಟಕ್ಕೇರಿಸಿದೆ. ಅವಳು ಸ್ಟೂಲು ಹಾಕಿಕೊಂಡಳು.

ಆಗ ಹೇಮಾ ದೊಡ್ಡಮ್ಮನಿಗೆಂದೇ ಒಂದು ಪ್ರೋಗ್ರಾಂ ಬರೆದಳು. ತಿನ್ನಬೇಕೆನಿಸಿದಾಗ ಕಂಪ್ಯೂಟರಿನ ಮುಂದೆ ಕೂರಬೇಕು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಮೂಡುತ್ತದೆ: ಹಸಿವಾ? ಬೇಜಾರಾ? ಕೋಪಾನಾ? ದುಃಖಾನಾ? ಯಾವುದಾದರೊಂದನ್ನು ಒತ್ತಬೇಕು. ಹಸಿವೆಂದರೆ, ಊಟ ಮಾಡು ಅನ್ನುತ್ತದೆ. ಬೇರೆ ಏನೆಂದರೂ, ಹಿತ್ತಲಲ್ಲಿ ಒಂದು ಸುತ್ತು ಹಾಕಿ ಬಾ, ಆಮೇಲೂ ಬೇಕಾದರೆ ತಿನ್ನು ಅನ್ನುತ್ತದೆ. ಇಷ್ಟೇ ವಿದ್ಯೆ!

ಅವಳು ಚಾಚೂ ತಪ್ಪದೆ ಪಾಲಿಸಿದಳು. ಸುತ್ತು ಹಾಕಿ ಹಾಕಿ ಹಿತ್ತಲಲ್ಲಿ ಕಾಲುದಾರಿ ಬಿತ್ತು. ಡಾಕ್ಟರು ಭೇಷ್ ಎಂದರು. ನನಗೆ ಮಾತ್ರ ಒಳಗೇ ಉರಿ.

"ಇವತ್ತೇನು ಒತ್ತಿದೆ?" ಎಂದರೆ, "ಅದು ನನಗೂ ಅದಕ್ಕೂ ಇರೋ ವಿಷಯ, ನಿಮಗ್ಯಾಕ್ರೀ?" ಅನ್ನುತ್ತಿದ್ದಳು.

ಹೇಮಾಳನ್ನು ಕೇಳಿದೆ. "ಅದೇನೂ ಇಟ್ಕೊಳ್ಳಲ್ಲ ದೊಡ್ಡಪ್ಪ. ಕೇಳಿ ಮರ್ತುಬಿಡುತ್ತೆ."

ಮರೆಯುವ ಡಬ್ಬಕ್ಕೆ ಮನಸ್ಸು ಬಿಚ್ಚುತ್ತಾಳೆ, ನೆನಪಿಟ್ಟುಕೊಳ್ಳುವ ಗಂಡನಿಗೆ ಬಾಯಿ ಬಿಡುವುದಿಲ್ಲ!

ಒಂದು ಮಧ್ಯಾಹ್ನ ನನಗೆ ನಿದ್ದೆ ಹತ್ತಲಿಲ್ಲ. ಮುಂದಿನ ಕೋಣೆಯಿಂದ ಟಕ್ ಎಂಬ ಸದ್ದು, ಹಿಂದೆಯೇ ನಮ್ಮ ಮನೆಯವಳ ಸಣ್ಣ ನಗು. ಎದ್ದು ಅಡುಗೆಮನೆಗೆ ನಡೆದೆ. ಸ್ಟೂಲು ಹತ್ತಿ, ಅದರ ಮೇಲೆ ನಿಂತೇ ನಿಪ್ಪಟ್ಟು ಕಡಿಯುತ್ತಿದ್ದಾಗ ಹೇಮಾ ನೀರಿಗೆಂದು ಒಳಗೆ ಬಂದಳು.

"ಅಯ್ಯೋ ದೊಡ್ಡಪ್ಪಾ! ಈಗ ತಾನೇ ಊಟ ಆಯ್ತಲ್ಲ! ಇಳೀರಿ, ಬನ್ನಿ, ನೀವೂ ಒಂದು ಒತ್ತಿ."

ಕಂಪ್ಯೂಟರಿನ ಮುಂದೆ ಕೂರಿಸಿದಳು. ನಾಲ್ಕನ್ನೂ ಓದಿದೆ. "ನನ್ನದು ಇದರಲ್ಲಿಲ್ಲ ಕಣಮ್ಮ" ಎಂದೆ.

ನಮ್ಮ ಮನೆಯವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ಹೊಟ್ಟೆಕಿಚ್ಚು ಅಂತ ಐದನೇದೊಂದು ಹಾಕೇ ಹೇಮಾ. ಡಬ್ಬದ ಮೇಲೆ ಕರುಬೋ ಗಂಡಸ್ನ ಇವತ್ತೇ ನೋಡಿದ್ದು!"

ಹೇಮಾ ನಗುತ್ತಾ ಹೊರಗೆ ಹೋದ ಮೇಲೆ ಕೇಳಿದೆ, "ಹೋಗಲಿ, ನೀನು ದಿನಾ ಒತ್ತೋದು ಯಾವುದು?" ಈ ಸಲ ನನ್ನ ದನಿಯಲ್ಲಿ ಇಲಾಖೆ ಇರಲಿಲ್ಲ.

"ಬೇಜಾರು. ಇನ್ನೇನಿದೆ? ನೀವು ಉಂಡ ತಕ್ಷಣ ಗಡಿಯಾರ ನೋಡಿ ಮಲಗ್ತೀರಿ, ಎದ್ದ ತಕ್ಷಣ ಪೇಪರ್ ಹಿಡೀತೀರಿ. ಮಾತಾಡೋಕೆ ಯಾರಿದ್ದಾರೆ? ನಿಪ್ಪಟ್ಟಾದ್ರೆ ಕರಂ ಕರಂ ಅಂತಾದ್ರೂ ಅನ್ನುತ್ತೆ."

ಮಾರನೆಯ ದಿನವೇ ನನ್ನ ಮಧ್ಯಾಹ್ನದ ನಿದ್ದೆ ರದ್ದಾಯಿತು. ಜಗಲಿಯ ಮೇಲೆ ಕೂತು ಮಾತಾಡತೊಡಗಿದೆವು. ಮೊದಮೊದಲು ನಾನು ಹಿಪ್ಪುನೇರಳೆ ಸಸಿಗಳ ಅಂತರದ ಬಗ್ಗೆ ಹೇಳುತ್ತಿದ್ದೆ. ಅವಳು ಎದ್ದು ಕಂಪ್ಯೂಟರಿನ ಕಡೆ ಹೊರಡುತ್ತಿದ್ದಳು. ನಿಧಾನವಾಗಿ, ಚಿಂತಾಮಣಿಯಲ್ಲಿರುವ ಅವಳ ಅಕ್ಕಂದಿರ ಜಗಳಗಳನ್ನು ಕೇಳುವುದು ನನಗೂ ರೂಢಿಯಾಯಿತು.

ನಿನ್ನೆ ಮಾತಿನ ನಡುವೆ ಅವಳಿಗೆ ಜೋಂಪು ಹತ್ತಿತು. ಕಾಫಿಯ ಹೊತ್ತು ಮೀರುತ್ತಿತ್ತು. ಎಬ್ಬಿಸಲು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು, ಒಳಗೆ ಹೋಗಿ ನಾನೇ ಕಾಫಿ ಮಾಡಿದೆ. ಡಿಕಾಕ್ಷನ್ ನೀರಾಗಿತ್ತು, ಹಾಲು ತಳ ಹಿಡಿದಿತ್ತು. ಒಂದೊಂದೇ ತಪ್ಪನ್ನು ಎತ್ತಿ ಆಡುತ್ತಾ ಅವಳ ಸಂಜೆ ಬಹಳ ಸುಖವಾಗಿ ಕಳೆಯಿತು.